ಮೂರನೇ ಲೋಟದವರೆಗೆ ಕೂತಿರಿ: ಇಥಿಯೋಪಿಯಾದ ವಿದ್ಯಾರ್ಥಿಯ ಪರಿಚಯ ಮಾಡಿಕೊಳ್ಳುವುದು ಹೇಗೆ

ನಮ್ಮ ಮನೆ ಮೈಸೂರಿನ ಸರಸ್ವತಿಪುರಂನಲ್ಲಿದೆ. ಮಾನಸಗಂಗೋತ್ರಿಗೆ ನಡೆದೇ ಹೋಗಬಹುದು. ಹಾಗಾಗಿ ಮಹಡಿ ಮನೆಗೆ ಯಾವಾಗಲೂ ವಿದ್ಯಾರ್ಥಿಗಳೇ ಬಾಡಿಗೆಗೆ ಬರುತ್ತಾರೆ. ಕೆಲವು ವರ್ಷಗಳ ಹಿಂದೆ ಇಥಿಯೋಪಿಯಾದಿಂದ ಒಬ್ಬ ಹುಡುಗ ಪಿಎಚ್‌ಡಿ ಮಾಡಲು ಬಂದ. ಆಮೇಲೆ ಅವನ ತಂಗಿಯೂ ಎಂಎಸ್ಸಿ ಓದಲು ಬಂದಳು.

ಮೊದಲ ಆರು ತಿಂಗಳು ನಮ್ಮ ನಡುವೆ ಇದ್ದದ್ದು ಮೆಟ್ಟಿಲ ಮೇಲಿನ ಒಂದು ನಗು, ಒಂದು 'ಹಲೋ' ಅಷ್ಟೆ. ನಾವು ಕೆಟ್ಟವರೇನಲ್ಲ. ಅವರೂ ಬಿಗುಮಾನದವರಲ್ಲ. ಹೇಗೆ ಶುರು ಮಾಡಬೇಕು ಅನ್ನೋದು ಇಬ್ಬರಿಗೂ ಗೊತ್ತಿರಲಿಲ್ಲ. ಈಗ ನನಗೆ ಸ್ವಲ್ಪ ಗೊತ್ತು. ನಿಮ್ಮ ಬೀದಿಯಲ್ಲಿ, ಕ್ಲಾಸಿನಲ್ಲಿ, ಹಾಸ್ಟೆಲಿನಲ್ಲಿ ಇಂಥ ಒಬ್ಬರಿದ್ದರೆ ನಿಮಗೆ ಆರು ತಿಂಗಳು ಬೇಕಾಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಇಥಿಯೋಪಿಯಾದವರ ಬಗ್ಗೆ. ಆಫ್ರಿಕಾ ಒಂದು ದೇಶ ಅಲ್ಲ, ಅಲ್ಲಿ 54 ದೇಶಗಳಿವೆ. ತಾಂಜಾನಿಯಾದವರ ಊಟ ಬೇರೆ, ಸೂಡಾನಿನವರ ಹಬ್ಬ ಬೇರೆ. 'ಆಫ್ರಿಕಾದವರು' ಅಂತ ಒಟ್ಟಿಗೆ ಕಟ್ಟಿಹಾಕುವುದನ್ನು ಬಿಟ್ಟರೆ ಅರ್ಧ ಕೆಲಸ ಆದಂತೆ.

ಹೆಸರಿನಿಂದ ಶುರು ಮಾಡಿ

ಹೆಸರು ಕೇಳಿದ ತಕ್ಷಣ ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ. ಇಂಗ್ಲಿಷ್ ಅಕ್ಷರದಲ್ಲಿ ನೋಡಿ ಓದಿದರೆ ಉಚ್ಚಾರ ಕೆಟ್ಟುಹೋಗುತ್ತದೆ. ನಮ್ಮ ಅಕ್ಷರದಲ್ಲಿ ಹೆಚ್ಚುಕಡಿಮೆ ಸರಿಯಾಗಿಯೇ ಕೂರುತ್ತದೆ.

ಇಥಿಯೋಪಿಯಾದಲ್ಲಿ ಮನೆತನದ ಹೆಸರು ಅಂತ ಇಲ್ಲ. ಮೊದಲಿನದು ಅವರ ಹೆಸರು, ಎರಡನೆಯದು ತಂದೆಯದು, ಮೂರನೆಯದು ತಾತನದು. ಮದುವೆಯಾದರೂ ಹೆಂಗಸರು ಹೆಸರು ಬದಲಿಸುವುದಿಲ್ಲ. ನಾವು ದೊಡ್ಡದಾಗಿ ಮರ್ಯಾದೆ ಕೊಡೋಣ ಅಂತ 'ಮಿಸ್ಟರ್' ಸೇರಿಸಿ ಎರಡನೇ ಹೆಸರು ಹಿಡಿದು ಕರೆದರೆ ಅವರ ಅಪ್ಪನನ್ನು ಕರೆದಂತಾಗುತ್ತದೆ. ಮೊದಲ ಹೆಸರು ಹಿಡಿದೇ ಕರೆಯಿರಿ. ಹಳೇ ಮೈಸೂರಿನ ನಮಗೆ ಇದು ಹೊಸದೇನಲ್ಲ. ನಮಗೂ ಇರುವುದು ಇನಿಷಿಯಲ್‌ಗಳು: ಊರಿನದೊಂದು, ಅಪ್ಪನದೊಂದು. ಸರ್‌ನೇಮ್ ಕಾಲಂ ಇರುವ ಫಾರಂ ಮುಂದೆ ಕೂತು ಅವರೂ ತಲೆ ಕೆರೆದುಕೊಳ್ಳುತ್ತಾರೆ, ವಿದೇಶಕ್ಕೆ ಹೋದ ನಮ್ಮ ಮಕ್ಕಳೂ ಕೆರೆದುಕೊಳ್ಳುತ್ತಾರೆ. ಈ ಒಂದು ವಿಷಯದ ಮೇಲೆ ಅರ್ಧ ಗಂಟೆ ಮಾತಾಡಬಹುದು. ನಾವು ಮಾತಾಡಿದೆವು.

ಆಮೇಲೆ ಅವರ ಹೆಸರನ್ನು ಕನ್ನಡದಲ್ಲಿ ಬರೆದು ತೋರಿಸಿ. ನಿಮ್ಮ ಹೆಸರನ್ನು ಅವರ ಲಿಪಿಯಲ್ಲಿ ಬರೆದುಕೊಡಲು ಕೇಳಿ. ಅಮ್ಹಾರಿಕ್ ಭಾಷೆಯ ಲಿಪಿಗೆ ಫಿದೆಲ್ ಅಂತಾರೆ. ಅದೂ ನಮ್ಮ ಕಾಗುಣಿತದ ಥರಾನೇ. ಒಂದೊಂದು ವ್ಯಂಜನಕ್ಕೆ ಏಳೇಳು ರೂಪ. ಅಕ್ಷರದ ಮೈಗೇ ಸ್ವರ ಅಂಟಿಕೊಂಡಿರುತ್ತದೆ. ಆ ಹುಡುಗಿ ನನ್ನ ಮಗನ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದು ಬೆರಳಿಟ್ಟು ಓದಿದಳು. ನನ್ನ ಅಮ್ಮ ಪಕ್ಕದಲ್ಲೇ 'ಕ ಕಾ ಕಿ ಕೀ' ಅಂತ ಶುರು ಮಾಡಿದರು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಅವರಿಬ್ಬರ ಮೊದಲ ಮಾತುಕತೆ ಅದೇ.

ಒಂದೆರಡು ಮಾತು ಕಲಿತಿಡಿ. 'ಸೆಲಾಮ್' ಅಂದರೆ ನಮಸ್ಕಾರ. ಚೆನ್ನಾಗಿದ್ದೀಯಾ ಅಂತ ಗಂಡಸಿಗೆ ಕೇಳುವಾಗ 'ದೆಹ್ನ ನೆಹ್?', ಹೆಂಗಸಿಗೆ 'ದೆಹ್ನ ನೆಶ್?'. 'ಅಮೆಸೆಗಿನಾಲೆಹು' ಅಂದರೆ ಧನ್ಯವಾದ. ಆದರೆ ಎಲ್ಲರ ಮನೆಮಾತೂ ಅಮ್ಹಾರಿಕ್ ಅಲ್ಲ. ಒರೊಮೊ, ತಿಗ್ರಿನ್ಯಾ, ಸೊಮಾಲಿ ಹೀಗೆ ಹತ್ತಾರು ಭಾಷೆಗಳಿವೆ. 'ಮನೆಯಲ್ಲಿ ಯಾವ ಭಾಷೆ ಮಾತಾಡ್ತೀರಿ?' ಅಂತ ಕೇಳಿಯೇ ಕಲಿಯಿರಿ.

ಎರಡು ಸದ್ದುಗಳ ಬಗ್ಗೆ ತಿಳಿದಿರಲಿ. ಅಮ್ಹಾರಿಕ್‌ನಲ್ಲಿ 'ಸರಿ, ಆಯ್ತು' ಅನ್ನಲು 'ಇಶಿ' ಅಂತಾರೆ. ನಮ್ಮ ಕಿವಿಗೆ ಅದು ಅಸಹ್ಯಪಟ್ಟು 'ಇಶ್ಶಿ' ಅಂದಂತೆ ಕೇಳುತ್ತದೆ. ಅಮ್ಮ ತಟ್ಟೆಯಲ್ಲಿ ಚಕ್ಕುಲಿ ಕೊಟ್ಟಾಗ ಆ ಹುಡುಗ ಎರಡು ಸಲ 'ಇಶಿ, ಇಶಿ' ಅಂದ. ಅಮ್ಮನ ಮುಖ ಸಣ್ಣದಾಯಿತು. ಅವನು ಸಂತೋಷದಿಂದ ಒಪ್ಪಿಕೊಂಡಿದ್ದ ಅಂತ ನಮಗೆ ಗೊತ್ತಾಗಿದ್ದು ವಾರದ ಮೇಲೆ. ಇನ್ನೊಂದು, 'ಹೌದು' ಅನ್ನುವಾಗ ಕೆಲವರು ತಟಕ್ಕನೆ ಉಸಿರು ಒಳಗೆಳೆದುಕೊಳ್ಳುತ್ತಾರೆ. ಬೆಚ್ಚಿಬಿದ್ದರು ಅಂತ ತಿಳಿಯಬೇಡಿ. ನಾವು 'ಹೂಂ' ಅಂತೀವಲ್ಲ, ಹಾಗೆ.

ಗಂಟೆ ಹೇಳುವಾಗ ಎಚ್ಚರ

ತಂಗಿ ಬಂದು ಹತ್ತು ದಿನ ಆಗಿತ್ತು. 'ಆಂಟಿ, ಶನಿವಾರ ಎರಡು ಗಂಟೆಗೆ ಮೇಲೆ ಬನ್ನಿ' ಅಂದಳು. ನಾನು ಊಟ ಮುಗಿಸಿ ಮಧ್ಯಾಹ್ನ ಎರಡಕ್ಕೆ ಹೋದೆ. ಅವಳು ಬೆಳಿಗ್ಗೆ ಎಂಟರಿಂದ ಕಾಯುತ್ತಿದ್ದಳು. ಮಾಡಿಟ್ಟದ್ದೆಲ್ಲ ಆರಿಹೋಗಿತ್ತು.

ತಪ್ಪು ಯಾರದೂ ಅಲ್ಲ. ಇಥಿಯೋಪಿಯಾದಲ್ಲಿ ದಿನದ ಲೆಕ್ಕ ಬೆಳಗಾದ ಮೇಲೆ ಶುರು. ನಮ್ಮ ಬೆಳಿಗ್ಗೆ ಏಳು ಅವರ ಒಂದು ಗಂಟೆ. ನಮ್ಮ ಎಂಟು ಅವರ ಎರಡು. ಸಂಜೆ ಏಳಕ್ಕೆ ಮತ್ತೆ ಒಂದು. ಇಲ್ಲಿ ಹೆಚ್ಚು ದಿನ ಇದ್ದವರಿಗೆ ನಮ್ಮ ಲೆಕ್ಕ ರೂಢಿಯಾಗಿರುತ್ತದೆ, ಆದರೂ ಬಾಯಿ ತಪ್ಪುವುದುಂಟು. 'ಬೆಳಿಗ್ಗೆನಾ, ಮಧ್ಯಾಹ್ನನಾ?' ಅಂತ ಕೇಳಿಬಿಡಿ. ಇಲ್ಲವೇ ಮೊಬೈಲಿನ ಗಡಿಯಾರ ತೋರಿಸಿ.

ಅವರ ಪಂಚಾಂಗವೂ ಬೇರೆ. ಮೂವತ್ತು ದಿನದ ಹನ್ನೆರಡು ತಿಂಗಳು, ಕೊನೆಗೆ ಐದು ಅಥವಾ ಆರು ದಿನದ ಹದಿಮೂರನೇ ತಿಂಗಳು. ವರ್ಷದ ಎಣಿಕೆ ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದೆ. ಜಗತ್ತು 2000 ಬಂತು ಅಂತ ಕುಣಿದು ಮುಗಿಸಿದ ಮೇಲೆ, ನಮ್ಮ 2007ರ ಸೆಪ್ಟೆಂಬರಿನಲ್ಲಿ ಅವರು 2000ವನ್ನು ಬರಮಾಡಿಕೊಂಡರು. ಅವರಿಗೆ ಯಾವುದಾದರೂ ಅರ್ಜಿ ತುಂಬಲು ಸಹಾಯ ಮಾಡುತ್ತಿದ್ದರೆ ಹುಟ್ಟಿದ ದಿನವನ್ನು ಬಾಯಲ್ಲಿ ಕೇಳಿ ಬರೆಯಬೇಡಿ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಬರೆಯಿರಿ.

ಏನು ಕೇಳಬೇಕು, ಏನು ಬೇಡ

'ನಿಮ್ಮ ಕಡೆ ಊಟಕ್ಕಿಲ್ಲ ಅಲ್ವಾ?' ಈ ಪ್ರಶ್ನೆ ಬೇಡವೇ ಬೇಡ. 1980ರ ದಶಕದ ಬರಗಾಲದ ಫೋಟೋಗಳು ನಮ್ಮ ತಲೆಮಾರಿನವರ ತಲೆಯಲ್ಲಿ ಕೂತುಬಿಟ್ಟಿವೆ. ಆಗ ಹುಟ್ಟೇ ಇರದಿದ್ದ ಮಕ್ಕಳನ್ನು ಅದರ ಬಗ್ಗೆ ಕೇಳಿ ನೋಯಿಸುತ್ತೇವೆ. ಅವರು ಹೆಮ್ಮೆಪಡುವ ಚರಿತ್ರೆ ಬೇರೆಯೇ ಇದೆ. 1896ರಲ್ಲಿ ಅಡ್ವಾ ಅನ್ನುವಲ್ಲಿ ಇಟಲಿಯ ಸೈನ್ಯವನ್ನು ಸೋಲಿಸಿದ ದೇಶ ಅದು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಅಬೆಬೆ ಬಿಕಿಲಾ ಬರಿಗಾಲಲ್ಲಿ ಮ್ಯಾರಥಾನ್ ಓಡಿ ಚಿನ್ನ ಗೆದ್ದರು. ಆ ಹೆಸರು ತೆಗೆದು ನೋಡಿ, ಮುಖ ಹೇಗೆ ಅರಳುತ್ತದೆ ಅಂತ.

'ನೀವು ಬಿಸಿಲಿಗೆ ಹೊಂದಿಕೊಂಡವರು ಬಿಡಿ' ಅನ್ನುವುದೂ ಬೇಡ. ಅವರ ರಾಜಧಾನಿ ಆಡಿಸ್ ಅಬಾಬಾ ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರದಲ್ಲಿದೆ. ಆ ಊರಿನಿಂದ ಬಂದವರಿಗೆ ನಮ್ಮ ಏಪ್ರಿಲ್ ಕಷ್ಟ. ಮೊದಲ ಬೇಸಿಗೆಯಲ್ಲಿ ಒಂದು ಮಣ್ಣಿನ ಹೂಜಿ ಕೊಡಿ, ಮಜ್ಜಿಗೆ ಮಾಡುವುದು ತೋರಿಸಿ.

ಯಾವ ಜನಾಂಗ ಅಂತ ಎತ್ತಿದ ಬಾಯಿಗೆ ಕೇಳಬೇಡಿ. 2020ರ ನವೆಂಬರಿನಿಂದ 2022ರ ನವೆಂಬರಿನವರೆಗೆ ತಿಗ್ರಾಯ್ ಪ್ರದೇಶದಲ್ಲಿ ಭಾರಿ ಯುದ್ಧ ನಡೆಯಿತು. ಬೇರೆ ಕಡೆಗಳಲ್ಲೂ ಗಲಭೆ ಇದೆ. ಯಾರ ಮನೆಯಲ್ಲಿ ಯಾರು ಸತ್ತಿದ್ದಾರೋ ನಮಗೆ ಗೊತ್ತಿರುವುದಿಲ್ಲ. ಹೊಸದಾಗಿ ಗುರುತಾದವರು ನಮ್ಮ ಜಾತಿ ಕೇಳಿದರೆ ನಮಗೆ ಹೇಗಾಗುತ್ತದೋ ಹಾಗೇ ಇದು. ಅವರಾಗಿಯೇ ಹೇಳಿದ ದಿನ ಕಿವಿಗೊಟ್ಟು ಕೇಳಿ.

ಕೂದಲು ಮುಟ್ಟಿ ನೋಡುವುದು, ಕೇಳದೆ ಫೋಟೋ ತೆಗೆಯುವುದು ತಪ್ಪು. ಮಕ್ಕಳಿಗೂ ಹೇಳಿಕೊಡಿ.

ಹಾಗಾದರೆ ಏನು ಕೇಳೋದು? ಸಣ್ಣದನ್ನು ಕೇಳಿ. 'ನಿಮ್ಮ ಸಂಸ್ಕೃತಿ ಬಗ್ಗೆ ಹೇಳಿ' ಅಂದರೆ ಯಾರಿಗೂ ಬಾಯಿ ಬರುವುದಿಲ್ಲ, ನಮಗೂ ಬರುವುದಿಲ್ಲ. 'ನಿಮ್ಮಮ್ಮ ಬೆಳಿಗ್ಗೆ ಎದ್ದು ಮೊದಲು ಏನು ಮಾಡ್ತಾರೆ?' 'ಮಳೆ ಯಾವ ತಿಂಗಳು ಹಿಡಿಯುತ್ತೆ?' 'ಸ್ಕೂಲಲ್ಲಿ ಯಾವ ಮೇಷ್ಟ್ರು ಇಷ್ಟ?' ಈ ಕೊನೆಯ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಮರೆಯಲಾರೆ. ಅವರ ತಂದೆಗೆ ಗಣಿತ ಹೇಳಿಕೊಟ್ಟವರು ಭಾರತದ ಮೇಷ್ಟ್ರಂತೆ. ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಲ್ಲಿ ನಮ್ಮ ದೇಶದಿಂದ ಎಷ್ಟೋ ಶಿಕ್ಷಕರು ಹೋಗಿ ಅಲ್ಲಿನ ಹಳ್ಳಿ-ಪಟ್ಟಣಗಳಲ್ಲಿ ಪಾಠ ಮಾಡಿದ್ದರು. ಆ ತಂದೆಗೆ ಭಾರತ ಅಂದರೆ ಆ ಮೇಷ್ಟ್ರು. ಅದಕ್ಕೇ ಮಕ್ಕಳನ್ನು ಇಲ್ಲಿಗೆ ಕಳಿಸಿದ್ದು.

ಒಂದು ಕೇಳಿದರೆ ಒಂದು ನಿಮ್ಮದೂ ಹೇಳಿ. ಬರೀ ಕೇಳುತ್ತಾ ಹೋದರೆ ವಿಚಾರಣೆ ಆಗುತ್ತದೆ.

ಅರಮನೆಗೆ ಆಮೇಲೆ, ಮೊದಲು ದಿನಸಿ ಅಂಗಡಿಗೆ

ಮೈಸೂರಿಗೆ ಬಂದವರನ್ನು ನಾವು ಅರಮನೆಗೆ, ಚಾಮುಂಡಿ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತೇವೆ. ಅಲ್ಲಿ ನಾವು ಹೇಳುವುದು, ಅವರು ಕೇಳುವುದು. ನನ್ನ ಅನುಭವದಲ್ಲಿ ಅದಕ್ಕಿಂತ ಚೆನ್ನಾಗಿ ಫಲ ಕೊಟ್ಟದ್ದು ದಿನಸಿ ಅಂಗಡಿ.

ತಿಂಗಳ ಸಾಮಾನು ತರಲು ಹೊರಟಿದ್ದೆ, ಅಣ್ಣ-ತಂಗಿ ಇಬ್ಬರನ್ನೂ ಕರೆದೆ. ಅಂಗಡಿಯವರು ನನಗೆ ಹುಚ್ಚೆಳ್ಳು ಅಳೆಯುತ್ತಿದ್ದರು. ಹುಡುಗಿ ಸುಮ್ಮನೆ ನೋಡುತ್ತಿದ್ದವಳು ನಾಲ್ಕು ಕಾಳು ಅಂಗೈಗೆ ಹಾಕಿಕೊಂಡಳು. ಮೂಸಿದಳು. ಒಂದು ಕಾಳು ಹಲ್ಲಲ್ಲಿ ಕಡಿದಳು. 'ನುಗ್!' ಅಂತ ಅಣ್ಣನ ಭುಜ ಹಿಡಿದು ಅಲ್ಲಾಡಿಸಿದಳು. ಅಲ್ಲಿ ಅದರ ಎಣ್ಣೆ ತೆಗೆಯುತ್ತಾರೆ. ನಾವು ಚಟ್ನಿಪುಡಿ ಮಾಡುತ್ತೇವೆ. ಹುಚ್ಚೆಳ್ಳಿನ ಮೂಲ ಇಥಿಯೋಪಿಯಾ. ಅದರ ಸಸ್ಯಶಾಸ್ತ್ರದ ಹೆಸರಿನಲ್ಲೇ ಅಬಿಸಿನಿಯಾ ಇದೆ, ಅದು ಇಥಿಯೋಪಿಯಾದ ಹಳೆಯ ಹೆಸರು.

ಆಮೇಲೆ ರಾಗಿ. ಅವರ ಭಾಷೆಯಲ್ಲಿ ಡಾಗುಸಾ. ಅದೂ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕಾದ ಎತ್ತರದ ಸೀಮೆಯಿಂದಲೇ ನಮ್ಮಲ್ಲಿಗೆ ಬಂದ ಬೆಳೆ. ಗೆನ್ಫೊ ಅಂತ ಅವರದೊಂದು ತಿಂಡಿ ಇದೆ. ಹಿಟ್ಟನ್ನು ಗಟ್ಟಿಯಾಗಿ ತೊಳಸಿ, ಗುಡ್ಡೆ ಮಾಡಿ, ನಡುವೆ ಗುಳಿ ತೋಡಿ ಖಾರದ ತುಪ್ಪ ಹಾಕುತ್ತಾರೆ. ಮುದ್ದೆ ಮಾಡುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಕಾಫಿ ಮಾತು ಬೇರೆ. ಬಾಬಾ ಬುಡನ್ ಅವರು ಯೆಮನ್ನಿನಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಹಾಕಿದರು ಅನ್ನುವ ಪ್ರತೀತಿ ನಮಗೆಲ್ಲ ಗೊತ್ತು. ಯೆಮನ್ನಿಗೆ ಕಾಫಿ ಹೋದದ್ದು ಇಥಿಯೋಪಿಯಾದಿಂದ. ಅಂದರೆ ನಮ್ಮ ಅಡುಗೆಮನೆಯ ಮೂರು ಡಬ್ಬಿಗಳು ಅವರ ಊರಿನವು. ಇದು ಗೊತ್ತಾದ ಮೇಲೆ ನನ್ನ ಅಮ್ಮ ಅವರನ್ನು ಪರದೇಶದವರು ಅನ್ನುವುದನ್ನೇ ಬಿಟ್ಟರು.

ಊಟಕ್ಕೆ ಕರೆಯುವ ಮೊದಲು ವಾರ ನೋಡಿ

ನಾನು ಮಾಡಿದ ತಪ್ಪು ಇಲ್ಲಿದೆ. ಒಂದು ಶುಕ್ರವಾರ ಕರೆದು ಅನ್ನ, ಹುಳಿ, ತುಪ್ಪ, ಮೊಸರು ಬಡಿಸಿ, ಕೊನೆಗೆ ಹಾಲು ಹಾಕಿದ ಫಿಲ್ಟರ್ ಕಾಫಿ ಕೊಟ್ಟೆ. ಇಬ್ಬರೂ ಬರೀ ಅನ್ನ-ಪಲ್ಯ ತಿಂದು ಎದ್ದರು. ನಮ್ಮ ಅಡುಗೆ ಹಿಡಿಸಲಿಲ್ಲ ಅಂದುಕೊಂಡೆ.

ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಉಪವಾಸ ಇರುತ್ತಾರೆ. ಈಸ್ಟರಿಗೆ ಮುಂಚೆ 55 ದಿನದ ದೊಡ್ಡ ಉಪವಾಸ ಬೇರೆ. ಉಪವಾಸದಲ್ಲಿ ಮಾಂಸ, ಮೊಟ್ಟೆ ಮಾತ್ರವಲ್ಲ, ಹಾಲು, ಮೊಸರು, ಬೆಣ್ಣೆ, ತುಪ್ಪವೂ ಇಲ್ಲ. ನಾವು 'ಶುದ್ಧ ವೆಜ್' ಅಂದುಕೊಂಡು ಬಡಿಸುವುದರಲ್ಲಿ ಅರ್ಧ ಅವರಿಗೆ ಆಗುವುದಿಲ್ಲ. ಅಂಥ ದಿನ ಎಣ್ಣೆ ಒಗ್ಗರಣೆ, ಕೋಸಂಬರಿ, ಉಸ್ಲಿ, ಚಿತ್ರಾನ್ನ, ಕಪ್ಪು ಕಾಫಿ ಸಾಕು. ಇನ್ನು ಇಥಿಯೋಪಿಯಾದಲ್ಲಿ ಮುಸ್ಲಿಮರು ಸುಮಾರು ಮೂರನೇ ಒಂದು ಪಾಲು ಇದ್ದಾರೆ. ಪ್ರೊಟೆಸ್ಟೆಂಟರೂ ಬಹಳ. ಅವರಿಗೆ ಈ ನಿಯಮ ಇಲ್ಲ. ಹಾಗಾಗಿ ಊಹೆ ಬೇಡ, 'ಇವತ್ತು ಉಪವಾಸ ಇದೆಯಾ?' ಅಂತ ಕೇಳಿ. ಬಾಯಿಬಿಟ್ಟು ಕೇಳಿದ್ದಕ್ಕೆ ಅವರು ಎಷ್ಟು ಸಂತೋಷಪಟ್ಟರು ಅಂದರೆ, ನನಗೆ ಮುಂಚೆಯೇ ಕೇಳಬೇಕಿತ್ತು ಅನ್ನಿಸಿತು.

ನೀವು ಸಸ್ಯಾಹಾರಿಗಳಾಗಿದ್ದರೆ ಇದರಲ್ಲಿ ಒಂದು ಅನುಕೂಲವೂ ಇದೆ. ಉಪವಾಸ ಮಾಡುವವರ ಮನೆಗೆ ಬುಧವಾರವೋ ಶುಕ್ರವಾರವೋ ಹೋಗಿ. ಆ ದಿನ ಅವರ ಅಡುಗೆಮನೆಯಲ್ಲಿ ಬೇಯುವುದು ಬೇಳೆ, ಸೊಪ್ಪು, ಕೋಸು, ಕಡಲೆಹಿಟ್ಟಿನ ಶಿರೊ. ನಿಮಗೋಸ್ಕರ ಬೇರೆ ಮಾಡುವ ತೊಂದರೆ ಅವರಿಗಿಲ್ಲ, ಮುಜುಗರ ನಿಮಗಿಲ್ಲ.

ಅವರ ಮನೆಯ ಅತಿಥಿಯಾಗಿ

ಈ ಬರಹದಲ್ಲಿ ಒಂದೇ ಒಂದು ಹೆಜ್ಜೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನಾವು ಕೊಡುತ್ತಲೇ ಇರುತ್ತೇವೆ. ಹಬ್ಬದ ಹೋಳಿಗೆ ಕೊಡುತ್ತೇವೆ, ದಾರಿ ತೋರಿಸುತ್ತೇವೆ. ಅವರು ತಗೊಳ್ಳುತ್ತಲೇ ಇರಬೇಕು. ಯಾವಾಗಲೂ ತಗೊಳ್ಳುವ ಕಡೆಗೇ ಇದ್ದರೆ ಯಾರಿಗಾದರೂ ಸಂಕೋಚ ಬಿಡುವುದಿಲ್ಲ. ಅವರು ನಮಗೆ ಬಡಿಸಿದ ದಿನ ಆ ಸಂಕೋಚ ಹೋಯಿತು. ಕರೆದರೆ ಹೋಗಿ. ಕರೆಯದಿದ್ದರೆ 'ನಿಮ್ಮ ಕಾಫಿ ಕುಡಿಯಬೇಕು ಅಂತ ಆಸೆ' ಅಂತ ನೀವೇ ಹೇಳಿ.

ಕೈಯಲ್ಲಿ ಹುರಿಯದ ಕಾಫಿ ಬೀಜ ತೆಗೆದುಕೊಂಡು ಹೋಗಿ. ಕಾಫಿಪುಡಿ ಅಂಗಡಿಯಲ್ಲಿ ಅರೇಬಿಕಾ ಹಸಿಬೀಜ ಅರ್ಧ ಕಿಲೊ ಕೇಳಿದರೆ ಕೊಡುತ್ತಾರೆ. ಚಿಕೋರಿ ಬೆರೆಸಿದ ಪುಡಿ ಬೇಡ.

ಎರಡು ಗಂಟೆ ಬಿಡುವು ಮಾಡಿಕೊಂಡು ಹೋಗಿ. ನೆಲಕ್ಕೆ ಹಸಿ ಹುಲ್ಲು ಹರಡಿರುತ್ತಾರೆ. ನಮ್ಮ ಹುಡುಗಿ ಗರಿಕೆ ಹರಡಿದ್ದಳು. ಒಂದು ಕಡೆ ಧೂಪದ ಹೊಗೆ. ಅವಳು ಸಣ್ಣ ಮಣೆಯ ಮೇಲೆ ಕೂತು ಬೀಜ ತೊಳೆದು, ಬಾಣಲಿಯಲ್ಲಿ ಹುರಿದಳು. ಬೀಜ ಕಪ್ಪಾಗಿ ಎಣ್ಣೆ ಬಿಡುವಾಗ ಬಾಣಲಿಯನ್ನು ಎತ್ತಿ ಒಬ್ಬೊಬ್ಬರ ಮುಂದೂ ಹಿಡಿದಳು. ಹೊಗೆಯನ್ನು ಕೈಯಿಂದ ನಮ್ಮ ಕಡೆಗೆ ಎಳೆದುಕೊಂಡು ಮೂಸಬೇಕು. ನನ್ನ ಅಮ್ಮನಿಗೆ ಯಾರೂ ಹೇಳಿಕೊಡಲಿಲ್ಲ. ಮಂಗಳಾರತಿ ತಗೊಳ್ಳುವ ಹಾಗೆ ಎರಡೂ ಕೈ ಚಾಚಿ ತಗೊಂಡು ಕಣ್ಣಿಗೆ ಒತ್ತಿಕೊಂಡರು. ಹುಡುಗಿ ಒಂದು ಕ್ಷಣ ಅಮ್ಮನನ್ನೇ ನೋಡುತ್ತ ನಿಂತಳು.

ಆಮೇಲೆ ಬೀಜ ಕುಟ್ಟಿ, ಜೆಬೆನಾ ಅನ್ನುವ ಉದ್ದ ಕತ್ತಿನ ಮಣ್ಣಿನ ಹೂಜಿಯಲ್ಲಿ ಕುದಿಸುತ್ತಾರೆ. ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ ಮೇಲಿನಿಂದ ಸಣ್ಣ ಧಾರೆ ಬಿಡುತ್ತಾರೆ. ಜೊತೆಗೆ ಜೋಳದ ಅರಳು. ಮೂರು ಸುತ್ತು ಕೊಡುತ್ತಾರೆ. ಮೊದಲನೆಯದು ಅಬೊಲ್, ಎರಡನೆಯದು ತೊನಾ, ಮೂರನೆಯದು ಬೆರೆಕಾ. ಅದೇ ಗಸಿಗೆ ನೀರು ಹಾಕಿ ಕುದಿಸುವುದರಿಂದ ಸುತ್ತು ಹೋದಂತೆ ತೆಳ್ಳಗಾಗುತ್ತದೆ. ರುಚಿಗಂತ ಕುಡಿಯುವವರು ಮೊದಲನೆಯದಕ್ಕೇ ಏಳಬಹುದು. ಏಳಬೇಡಿ. ಬೆರೆಕಾ ಅಂದರೆ ಆಶೀರ್ವಾದ. ಅದನ್ನು ಬಿಟ್ಟು ಎದ್ದರೆ ಅಕ್ಷತೆ ಹಾಕುವ ಮುಂಚೆ ಮದುವೆಮನೆ ಬಿಟ್ಟ ಹಾಗೆ. ನಿಜವಾದ ಮಾತು ಬರುವುದೂ ಮೂರನೇ ಸುತ್ತಿಗೇ. ಊರಿನಲ್ಲಿರುವ ಅವರಮ್ಮನ ಮಂಡಿನೋವು ನಮಗೆ ಗೊತ್ತಾಗಿದ್ದು ಆಗ.

ಒಂದೇ ತಟ್ಟೆ, ಎಂಜಲಿನ ಪ್ರಶ್ನೆ

ಇದು ಸ್ವಲ್ಪ ಕಷ್ಟದ ಜಾಗ. ಅವರ ಊಟ ಇಂಜೆರಾ. ಟೆಫ್ ಅನ್ನುವ ಸಣ್ಣ ಧಾನ್ಯದ ಹಿಟ್ಟನ್ನು ಹುಳಿ ಬರಿಸಿ ಮಾಡುವ ದೊಡ್ಡ ದೋಸೆ. ಮೇಲೆಲ್ಲ ತೂತುತೂತು. ಇಲ್ಲಿ ಟೆಫ್ ಸಿಗದೆ ಅವರು ರಾಗಿಹಿಟ್ಟಿಗೆ ಅಕ್ಕಿಹಿಟ್ಟು ಬೆರೆಸಿ ಮೂರು ದಿನ ಹುಳಿ ಬರಿಸುತ್ತಿದ್ದರು. ಅಗಲ ತಟ್ಟೆಯಲ್ಲಿ ಇಂಜೆರಾ ಹಾಸಿ, ಮೇಲೆ ಪಲ್ಯಗಳನ್ನು ಬಡಿಸಿ, ಎಲ್ಲರೂ ಸುತ್ತ ಕೂತು ಬಲಗೈಯಲ್ಲಿ ಮುರಿದು ತಿನ್ನುತ್ತಾರೆ. ಹತ್ತಿರದವರ ಬಾಯಿಗೆ ತಾವೇ ಒಂದು ತುತ್ತು ಇಡುತ್ತಾರೆ. ಅದಕ್ಕೆ ಗುರ್ಶಾ ಅಂತಾರೆ. ಬೇಡ ಅಂದರೆ 'ಬೆಮೊತೆ' ಅನ್ನುತ್ತಾರೆ, ನಮ್ಮ 'ನನ್ನಾಣೆ' ಇದ್ದ ಹಾಗೆ.

ಅಮ್ಮನಿಗೆ ಎಪ್ಪತ್ತು ದಾಟಿದೆ. ಒಂದೇ ತಟ್ಟೆಯಲ್ಲಿ ಕೈ ಹಾಕುವುದು ಅವರಿಗೆ ಆಗುವುದಿಲ್ಲ. ಹೊಟ್ಟೆ ತುಂಬಿದೆ ಅಂತ ಸುಳ್ಳು ಹೇಳಬಹುದಿತ್ತು. ನಾನು ಇದ್ದದ್ದನ್ನೇ ಹೇಳಿದೆ: 'ನಮ್ಮಲ್ಲಿ ಎಂಜಲು ಅಂತ ಒಂದಿದೆ. ಮಗ ತಿಂದ ತಟ್ಟೆಗೂ ಅಮ್ಮ ಕೈ ಹಾಕುವುದಿಲ್ಲ.' ಹುಡುಗಿ ಬೇಜಾರು ಮಾಡಿಕೊಳ್ಳಲಿಲ್ಲ. ಬೇರೆ ತಟ್ಟೆ ತಂದು ಬಡಿಸಿದಳು. ನಿಜ ಹೇಳಿದರೆ ಹೀಗೆ ದಾರಿ ಸಿಗುತ್ತದೆ. ಸುಳ್ಳು ಹೇಳಿದ್ದರೆ ಮುಂದಿನ ಸಲ ಕರೆಯುತ್ತಿರಲಿಲ್ಲವೋ ಏನೋ.

ಅದಾಗಿ ಎರಡು ವಾರಕ್ಕೆ ಅಮ್ಮ ಇಬ್ಬರನ್ನೂ ಕೆಳಗೆ ಕರೆಸಿ, ಮೊಮ್ಮಕ್ಕಳ ಸಾಲಿನಲ್ಲಿ ಕೂರಿಸಿದರು. ದೊಡ್ಡ ಪಾತ್ರೆಯಲ್ಲಿ ಹುಳಿಯನ್ನ ಕಲಸಿ ಒಬ್ಬೊಬ್ಬರ ಅಂಗೈಗೂ ಕೈತುತ್ತು ಹಾಕಿದರು. ಹುಡುಗ 'ಗುರ್ಶಾ' ಅಂದ. ಅಮ್ಮ 'ಕೈತುತ್ತು' ಅಂದರು.

ಬೀದಿಯಲ್ಲಿ ಜೊತೆಗೆ ನಿಲ್ಲಿ

ಮನೆಯೊಳಗಿನ ಪ್ರೀತಿ ಬೀದಿಗೂ ಬರಬೇಕು. ಬಣ್ಣ ನೋಡಿ ಕೂಗುವ ಮಾತುಗಳು ಅವರಿಗೆ ಅರ್ಥ ಆಗುವುದಿಲ್ಲ ಅಂದುಕೊಳ್ಳಬೇಡಿ, ಆರು ತಿಂಗಳಲ್ಲಿ ಎಲ್ಲ ಅರ್ಥ ಆಗುತ್ತದೆ. 2016ರ ಜನವರಿ 31ರಂದು ಬೆಂಗಳೂರಿನಲ್ಲಿ ಸೂಡಾನಿನ ಒಬ್ಬನ ಕಾರು ಗುದ್ದಿ ಮಹಿಳೆಯೊಬ್ಬರು ಸತ್ತರು. ಆಮೇಲೆ ಆ ದಾರಿಯಲ್ಲಿ ಬಂದ, ಅದಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು. ಎಲ್ಲರೂ ಒಂದೇ ಅಂತ ಕಂಡದ್ದರ ಫಲ ಅದು. ಯಾರಾದರೂ ಕೂಗಿದರೆ ನಿಮ್ಮ ಸ್ನೇಹಿತರು ಉತ್ತರ ಕೊಡಲಿ ಅಂತ ಬಿಡಬೇಡಿ. ಕನ್ನಡದಲ್ಲಿ ನೀವು ಹೇಳಿ. ಆಟೊದವರ ಹತ್ತಿರ ಮೀಟರ್ ವಿಷಯವನ್ನೂ ನೀವೇ ಮಾತಾಡಿ.

ಮನೆ ಬಾಡಿಗೆಗೆ ಕೊಡುವವರಿಗೆ: ವಿದೇಶಿಯರು ಬಂದು ಇಳಿದ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಕೊಡಬೇಕು. ಜನ ಇದನ್ನು ಸಿ ಫಾರಂ ಅಂತಾರೆ. 180 ದಿನಕ್ಕಿಂತ ಜಾಸ್ತಿಯ ವೀಸಾದಲ್ಲಿ ಬಂದ ವಿದ್ಯಾರ್ಥಿ 14 ದಿನದೊಳಗೆ ತನ್ನ ಹೆಸರು ನೋಂದಾಯಿಸಬೇಕು. ಇದಕ್ಕೆ ಹೆದರಿ ಎಷ್ಟೋ ಜನ ಮನೆ ಕೊಡುವುದಿಲ್ಲ. ಪಾಸ್‌ಪೋರ್ಟ್, ವೀಸಾದ ಪ್ರತಿ ಇಟ್ಟುಕೊಂಡು ಕಂಪ್ಯೂಟರ್ ಮುಂದೆ ಕೂತರೆ ಆಗುವ ಕೆಲಸ. ಬಾಡಿಗೆ ಕರಾರಿನಲ್ಲಿ ಅಡುಗೆಯ ಬಗ್ಗೆ ನಿಮ್ಮ ಷರತ್ತು ಏನಾದರೂ ಇದ್ದರೆ ಮೊದಲ ದಿನವೇ ಬಿಡಿಸಿ ಹೇಳಿ.

ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ಸೆಪ್ಟೆಂಬರ್ 11, ಅವರ ಹೊಸ ವರ್ಷ. ಕೆಲವು ವರ್ಷ 12ಕ್ಕೆ ಬರುತ್ತದೆ. ಸೆಪ್ಟೆಂಬರ್ 27ರ ಸುಮಾರಿಗೆ ಮೆಸ್ಕೆಲ್. ಹಳದಿ ಹೂಗಳ ಹಬ್ಬ ಅದು. ನಮ್ಮ ದಸರಾ ಗಡಿಬಿಡಿಯ ಹತ್ತಿರಕ್ಕೇ ಬರುವುದರಿಂದ ಗೊಂಬೆ ನೋಡಲು ಕರೆಯುವಾಗ ಒಂದು ಮೊಳ ಹಳದಿ ಸೇವಂತಿಗೆ ಕೊಡಿ. ಜನವರಿ 7ಕ್ಕೆ ಅವರ ಕ್ರಿಸ್‌ಮಸ್, ಗೆನ್ನಾ. ಡಿಸೆಂಬರ್ 25ಕ್ಕೆ ಎಲ್ಲರೂ ಅವರಿಗೆ ಶುಭಾಶಯ ಹೇಳುತ್ತಾರೆ, 7ಕ್ಕೆ ಯಾರೂ ಹೇಳುವುದಿಲ್ಲ. ಆ ದಿನ ಬೆಳಿಗ್ಗೆ ಮೆಟ್ಟಿಲು ಹತ್ತಿ ಹೋಗಿ 'ಮೆಲ್ಕಾಮ್ ಗೆನ್ನಾ' ಅನ್ನಿ. ಹಬ್ಬಕ್ಕೆ ಮುಂಚಿನ ಉಪವಾಸ ಮುಗಿದಿರುತ್ತದೆ, ಹಾಲು ಹಾಕಿದ ಕಾಫಿ ಫ್ಲಾಸ್ಕಿನಲ್ಲಿ ತೆಗೆದುಕೊಂಡು ಹೋಗಬಹುದು.